ಮೂರನೇ ತಿರುವಿನ ಮೆಕ್ಕೆಜೋಳ

ಹೊನ್ನಾಳಿಯಲ್ಲಿ ಉಷಾರಾಣಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಡಗಡೆ ಮೇಡಂ ಎಂದರೆ ಬಸ್ ಸ್ಟ್ಯಾಂಡಿನ ಆಟೋದವರಿಂದ ಹಿಡಿದು ತಾಲ್ಲೂಕು ಆಫೀಸಿನ ಗುಮಾಸ್ತರವರೆಗೆ ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷದಿಂದ ಆಕೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಕಲಿಯಲು ಬಂದವರು ಬಲಗಡೆ ಸ್ಟೀರಿಂಗ್ ಹಿಡಿದು ಬೆವರುತ್ತ ಕೂತರೆ, ಆಕೆ ಎಡಗಡೆಯ ಸೀಟಿನಲ್ಲಿ, ಕಾಲಡಿಗೆ ತನ್ನದೇ ಬೇರೆ ಬ್ರೇಕು, ಬೇರೆ ಕ್ಲಚ್ಚು ಇಟ್ಟುಕೊಂಡು ಕೂರುವಳು. ಸೇತುವೆಯ ಮೇಲೆ ಎದುರಿಗೆ ಬಸ್ಸು ಬಂದದ್ದೇ ಸ್ಟೀರಿಂಗ್ ಬಿಟ್ಟು ಕೈ ಮುಗಿದ ಗಣಿತದ ಮೇಷ್ಟ್ರು, ಬ್ರೇಕ್ ಹಾಕು ಎಂದರೆ ಆಕ್ಸಿಲರೇಟರ್ ತುಳಿದು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಲು ಹೊರಟ ಮದುವೆ ಗಂಡು, ಇಂಥವರೆಲ್ಲ ಇವತ್ತು ಜೇಬಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಓಡಾಡುತ್ತಿದ್ದರೆ ಅದು ಆಕೆಯ ಬಲಗಾಲಿನ ದಯೆ.

ಆದರೂ ಊರಿನ ಬಾಯಿ ಸುಮ್ಮನಿರಬೇಕಲ್ಲ. ಒಂದು ದಿನ ಚಹಾದಂಗಡಿಯ ಮುಂದೆ ಯಾರೋ ಅಂದರು: "ಮೇಡಮ್ಮಂಗೆ ಓಡ್ಸಾಕೆ ಬರುತ್ತೋ ಇಲ್ವೋ ಯಾರು ಕಂಡಿದಾರೆ. ನಿಲ್ಸಾಕಂತೂ ಚೆಂದ ಬರುತ್ತೆ."

ಎಲ್ಲರೂ ನಕ್ಕರು. ಉಷಾರಾಣಿಯೂ ನಕ್ಕಳು. ಆದರೆ ಆ ಮಾತು ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಒಳಗೇ ಉಳಿದುಬಿಟ್ಟಿತು. ಮೂವತ್ತಾರು ವರ್ಷದ ಬಾಳಿನಲ್ಲಿ ತಾನು ಕಾರಿನಲ್ಲಿ ಕೂತ ಹೊತ್ತಿನ ಮುಕ್ಕಾಲು ಪಾಲು ಇನ್ನೊಬ್ಬರು ತಪ್ಪು ಮಾಡುವುದನ್ನು ಕಾಯುವುದರಲ್ಲೇ ಹೋಗಿದೆಯಲ್ಲ ಎಂದು ಆಕೆಗೆ ಅವತ್ತು ಮೊದಲ ಸಲ ಅನ್ನಿಸಿತು.

ಅದಾದ ಮೇಲೆ ಬಂದದ್ದು ಕೆಂಚೇಶಣ್ಣನ ಫೋನು. ಕೆಂಚೇಶ ನ್ಯಾಮತಿಯಲ್ಲಿ ಗ್ಯಾರೇಜು ಇಟ್ಟವನು, ಐವತ್ತರ ಹತ್ತಿರದವನು, ಆಕೆಯ ಡ್ರೈವಿಂಗ್ ಸ್ಕೂಲಿನ ಕಾರು ನೋಡಿಕೊಳ್ಳುವವನೂ ಅವನೇ. ಬೆಂಗಳೂರಿನ ಯಾರೋ ರೇಸಿನ ಹುಚ್ಚು ಬಿಟ್ಟವರೊಬ್ಬರು ಮುರಿದ ಒಂದು ಫಾರ್ಮುಲಾ ಕಾರನ್ನು ಗುಜರಿಗೆ ಹಾಕುವುದರಲ್ಲಿದ್ದರಂತೆ, ಇವನು ಲಾರಿಯ ಮೇಲೆ ಹೇರಿಕೊಂಡು ತಂದಿದ್ದ. ಉಷಾರಾಣಿ ಹೋಗಿ ನೋಡಿದರೆ ಅದಕ್ಕೆ ಚಾವಣಿಯಿಲ್ಲ, ಬಾಗಿಲಿಲ್ಲ, ನಾಲ್ಕು ಚಕ್ರವೂ ಮೈಯಿಂದ ಆಚೆಗೆ ಚಾಚಿಕೊಂಡು ಬಿದ್ದಿವೆ. ಇಂಜಿನ್ ಮಾತ್ರ ಆಕೆಯ ಸ್ಕೂಲಿನ ಕಾರಿನ ಜಾತಿಯದೇ.

"ಮೇಡಮ್ಮೋರೆ, ಇದ್ರಾಗೆ ಎಡಾನೂ ಇಲ್ಲ, ಬಲಾನೂ ಇಲ್ಲ," ಎಂದ ಕೆಂಚೇಶ. "ನಟ್ಟನಡುವೆ ಒಂದೇ ಸೀಟು. ಕಲಿಯೋನಿಗೆ ಕೂರಾಕೆ ಜಾಗಾನೇ ಇಟ್ಟಿಲ್ಲ."

ಆ ಒಂದು ಮಾತಿಗೇ ಆಕೆ ಸೋತಳು.

ಬೇಸಿಗೆಯಿಡೀ ಇಬ್ಬರೂ ಅದರ ಹಿಂದೆ ಬಿದ್ದರು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಆಕೆಯ ತವರು. ಆ ಕಡೆಯ ಒಂದು ಸಣ್ಣ ಕೆರೆಯ ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಿ ಕಾರು ಇಳಿಸಿ ಅಂಗಳದ ಸುತ್ತ ತಿರುಗಿಸಿದ್ದೇ ತಿರುಗಿಸಿದ್ದು. ಗಂಡ ಭೀಮೇಶ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್, ಮಾತು ಕಡಿಮೆಯ ಮನುಷ್ಯ. ಮೊದಲ ದಿನ ಬಂದು ನೋಡಿ, ಕಾರಿನಿಂದ ಇಳಿದ ಹೆಂಡತಿಯ ಮುಖದ ಧೂಳನ್ನು ತನ್ನ ಟವೆಲಿನಲ್ಲಿ ಒರೆಸಿ, ಹೆಲ್ಮೆಟ್ಟಿನ ಗಾಜು ಮುಚ್ಚಿಕೊಳ್ಳಲು ಹೇಳಿ ಡ್ಯೂಟಿಗೆ ಹೋದ. ಒಪ್ಪಿಗೆ ಅಂದರೆ ಅಷ್ಟೇ.

ಜಗಳೂರಿನಿಂದ ಆಚೆ, ಗಾಳಿಯಂತ್ರಗಳು ಸಾಲಾಗಿ ನಿಂತ ಬಯಲಿನಲ್ಲಿ, ಯಾರೋ ಉದ್ಯಮಿಯೊಬ್ಬರು ಎರಡು ಕಿಲೋಮೀಟರಿನ ರೇಸ್ ಟ್ರ್ಯಾಕ್ ಹಾಕಿಸಿ ವರ್ಷವಾಗಿತ್ತು. ಐದು ತಿರುವು, ಒಂದು ಉದ್ದನೆಯ ನೇರ ದಾರಿ. ನವೆಂಬರಿನಲ್ಲಿ ಅಲ್ಲಿ ಹವ್ಯಾಸಿಗಳಿಗೆ ಎರಡು ದಿನದ ರೇಸು. ಹೊಸಬರಿಗೆ ಒಂದು ನೀಲಿ ಪುಸ್ತಕ ಕೊಡುತ್ತಾರೆ. ಶನಿವಾರದ ಓಟ ಮುಗಿಸಬೇಕು, ಭಾನುವಾರದ ಓಟ ಮುಗಿಸಬೇಕು, ಆಮೇಲೆ ರೇಸಿನ ಅಧಿಕಾರಿ ಆ ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿ ಬಿದ್ದರೆ ಹೊಸಬರ ಗುಂಪು ಬಿಟ್ಟು ದೊಡ್ಡವರ ಗುಂಪಿಗೆ. ಬೀಳದಿದ್ದರೆ ಮತ್ತೆ ಮೊದಲಿನಿಂದ. ನೂರಾರು ಜನರಿಗೆ ಲೈಸೆನ್ಸ್ ಕೊಡಿಸಿದ ಉಷಾರಾಣಿಗೆ ಬೇಕಾಗಿದ್ದದ್ದು ಆ ಒಂದು ಸಹಿ. ಈ ಹೆಂಗಸಿಗೆ ಓಡಿಸಲು ಬರುತ್ತದೆ ಎಂದು ಬಲ್ಲವರೊಬ್ಬರು ಬರೆದುಕೊಟ್ಟ ಕಾಗದ.

ಶನಿವಾರ ಹದಿನಾಲ್ಕು ಕಾರು ಸಾಲು ನಿಂತವು. ಉಷಾರಾಣಿಯದು ಎಂಟನೆಯದು. ಮುಂದೆ ಶಿವಮೊಗ್ಗದ ಹಲ್ಲಿನ ಡಾಕ್ಟರೊಬ್ಬರು, ಹಳದಿ ಕಾರು. ಕೆಂಪು ದೀಪ ಆರಿತು, ಹೊರಟರು. ಮೊದಲ ತಿರುವು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಬರುವಾಗ ಡಾಕ್ಟರ ಕಾರಿನ ಹಿಂಭಾಗ ಸ್ವಲ್ಪ ಅಲ್ಲಾಡಿತು. ಅಲ್ಲಾಡಿದ್ದು ಅವರ ಕಾರು, ಬ್ರೇಕ್ ತುಳಿದದ್ದು ಉಷಾರಾಣಿ.

ಯೋಚಿಸಿ ತುಳಿದದ್ದಲ್ಲ. ಹನ್ನೊಂದು ವರ್ಷದಲ್ಲಿ ಆ ಕಾಲು ಕಲಿತದ್ದೇ ಅದನ್ನು. ಎದುರಿಗೆ ಯಾರಾದರೂ ತಡವರಿಸಿದರೆ ಅವರ ಪಾಲಿನ ಬ್ರೇಕನ್ನು ತಾನು ಹಾಕಬೇಕು. ಡಾಕ್ಟರು ಹೇಗೋ ಸುಧಾರಿಸಿಕೊಂಡು ಹೋದರು. ಹಿಂದಿನಿಂದ ಬಂದ ಕಾರು ಇವಳ ಹಿಂಚಕ್ರಕ್ಕೆ ತಗುಲಿತು, ಇವಳ ಕಾರು ಗಿರಗಿರನೆ ಸುತ್ತಿ ಹುಲ್ಲಿನ ಮೇಲೆ ನಿಂತಿತು. ಮತ್ತೆ ಹೊರಟು, ಸೊಟ್ಟಗಾದ ಚಕ್ರದಲ್ಲೇ ಎಳೆದುಕೊಂಡು ಕಟ್ಟಕಡೆಯವಳಾಗಿ ಮುಗಿಸಿದಳು. ಮುಗಿಸಿದ್ದೇನೋ ಮುಗಿಸಿದಳು.

ರೇಸಿನ ಅಧಿಕಾರಿ ರಘುನಾಥ್ ಅವರು ಮೈಸೂರಿನವರು. ಹರೆಯದಲ್ಲಿ ತಾವೂ ಓಡಿಸಿದವರು, ಈಗ ಬಿಳಿ ಅಂಗಿ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಸದಾ ಕಾಗದ ಸಿಕ್ಕಿಸಿದ ಒಂದು ರಟ್ಟು. ಕಾರಣವಿಲ್ಲದೆ ಬ್ರೇಕ್ ಹಾಕಿದ್ದೇಕೆ ಎಂದು ಅವರು ಕೇಳಿದಾಗ ಉಷಾರಾಣಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಪಕ್ಕದಲ್ಲಿ ನಿಂತ ಕೆಂಚೇಶ ತಲೆ ಕೆಳಗೆ ಹಾಕಿದ. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂಬುದು ಅವನ ಅಭಿಪ್ರಾಯ.

ರಘುನಾಥ್ ನಗಲಿಲ್ಲ. "ಇಲ್ಲಿ ಯಾರೂ ಯಾರಿಗೂ ಕಲಿಸ್ತಿಲ್ಲ ಮೇಡಂ. ಅವರವರ ಕಾರು ಅವರವರು ನೋಡ್ಕೊಳ್ತಾರೆ. ಇನ್ನೊಂದು ಸಲ ಹೀಗಾದ್ರೆ ಕಪ್ಪು ಬಾವುಟ ತೋರಿಸಿ ಹೊರಗೆ ಕರೀತೀನಿ. ಆಮೇಲೆ ಸಹಿ ಅಂತ ನನ್ನ ಹತ್ರ ಬರಬೇಡಿ."

ಬೈಗುಳ ಅನ್ನಿಸುವಂಥ ಮಾತೇನೂ ಅಲ್ಲ. ಆದರೆ ಪುಸ್ತಕದ ಮೊದಲ ಪುಟದಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದ ಎಚ್ಚರಿಕೆಯನ್ನು ಓದುವಾಗ ಉಷಾರಾಣಿಗೆ ತನ್ನ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ನೆನಪಾದರು. ಪರೀಕ್ಷೆಯಲ್ಲಿ ನಪಾಸಾಗಿ ಬಂದವರಿಗೆ ಆಕೆ ಹೇಳುತ್ತಿದ್ದ ಸಮಾಧಾನದ ಒಂದು ಮಾತೂ ಈಗ ಬಾಯಿಗೆ ಬರಲಿಲ್ಲ.

ಸಂಜೆಗೆ ಜಗಳೂರು ಬಸ್ ಸ್ಟ್ಯಾಂಡಿನ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕೆಂಚೇಶ ಹಿಂಚಕ್ರದ ಬಾಗಿದ ಕಂಬಿಯನ್ನು ಕಾಯಿಸಿ, ಬಡಿದು, ನೂಲು ಹಿಡಿದು ನೇರ ಮಾಡಿಸಿದ. ಟ್ರ್ಯಾಕಿನಲ್ಲಿ ಬೇರೆಯವರ ಚಕ್ರ ನೋಡಬೇಡಿ, ದೂರದಲ್ಲಿರುವ ಗಾಳಿಯಂತ್ರ ನೋಡಿ ಎಂದು ಬುದ್ಧಿಯನ್ನೂ ಹೇಳಿದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಟ್ರ್ಯಾಕಿಗೆ ಬಂದರೆ, ಮೂರನೇ ತಿರುವು ಚಿನ್ನದ ಬಣ್ಣಕ್ಕೆ ತಿರುಗಿತ್ತು.

ಹತ್ತಿರ ಹೋಗಿ ನೋಡಿದರೆ ಮೆಕ್ಕೆಜೋಳ. ತಿರುವಿನ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ನೇರದ ಅರ್ಧದವರೆಗೆ, ಬೆರಳು ದಪ್ಪಕ್ಕೆ ಒಂದೇ ಸಮ ಹರವಿದ ಕಾಳು. ಹತ್ತು ಹನ್ನೆರಡು ಹೆಂಗಸರು ಸೆರಗು ಸಿಕ್ಕಿಸಿಕೊಂಡು, ಬರಿಗಾಲಿನಲ್ಲಿ ಕಾಳಿನ ನಡುವೆ ಗೆರೆ ಎಳೆಯುತ್ತ ಹೋಗುತ್ತಿದ್ದಾರೆ, ಅಡಿಯ ಹಸಿ ಮೇಲಕ್ಕೆ ಬರಲಿ ಎಂದು. ಟ್ರ್ಯಾಕಿನ ಕಾವಲಿನ ತಿಪ್ಪೇಶಪ್ಪ ಗೇಟಿನ ಬೀಗದ ಕೈ ಹಿಡಿದುಕೊಂಡು, ಅಪರಾಧಿಯ ಹಾಗೆ ಒಂದು ಕಡೆ ನಿಂತಿದ್ದಾನೆ.

ಅವನನ್ನು ವಿಚಾರಿಸಿದ ಮೇಲೆ ಎಲ್ಲವೂ ತಿಳಿಯಿತು. ಸುಗ್ಗಿ ಶುರುವಾದಾಗಿನಿಂದ ಪಕ್ಕದ ಹಳ್ಳಿಯವರು ದಿನಾ ಇಲ್ಲೇ ಕಾಳು ಒಣಗಿಸುತ್ತಿದ್ದರಂತೆ. ಡಾಂಬರು ಬೇಗ ಕಾಯುತ್ತದೆ, ಬಸ್ಸು ಲಾರಿ ಓಡಾಡುವುದಿಲ್ಲ, ದನ ಬರದ ಹಾಗೆ ಸುತ್ತ ಬೇಲಿ ಬೇರೆ. ಟ್ರ್ಯಾಕಿನ ಮಾಲೀಕರಾದ ಬೆಂಗಳೂರಿನವರಿಗೆ ಇದು ಗೊತ್ತಿಲ್ಲ, ತಿಪ್ಪೇಶಪ್ಪ ಹೇಳಿಯೂ ಇಲ್ಲ. ಶನಿವಾರ ರೇಸು ಇದೆ ಎಂದಾಗ ಶುಕ್ರವಾರವೇ ಎಲ್ಲ ಗುಡಿಸಿ ಖಾಲಿ ಮಾಡಿದ್ದರು. ಆದರೆ ಭಾನುವಾರವೂ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಭಾನುವಾರ ಅಂದರೆ ರಜಾ ಅಲ್ಲವೇ? ಆಫೀಸು, ಬ್ಯಾಂಕು, ಶಾಲೆ ಎಲ್ಲಕ್ಕೂ ರಜಾ ಇರುವಾಗ ಕಾರು ಓಡಿಸುವವರಿಗೆ ಮಾತ್ರ ಇಲ್ಲದೆ ಇರುತ್ತದೆಯೇ? ಹಾಗಂದುಕೊಂಡು ಕೋಳಿ ಕೂಗುವ ಹೊತ್ತಿಗೇ ತಿಪ್ಪೇಶಪ್ಪ ಬೀಗ ತೆಗೆದಿದ್ದ, ಎರಡು ಟ್ರ್ಯಾಕ್ಟರ್ ಕಾಳು ಒಳಗೆ ಬಂದಿತ್ತು.

ಈ ಹೆಂಗಸರಿಗೆಲ್ಲ ಹಿರಿಯಳು ಉಚ್ಚಂಗೆಮ್ಮ. ಎಪ್ಪತ್ತರ ಹತ್ತಿರದ ಮುದುಕಿ. ಹಣೆಯ ಮೇಲೆ ಕಾಸಿನಗಲ ವಿಭೂತಿ, ಗಟ್ಟಿ ದನಿ. ಕೆಂಚೇಶ ತಳ್ಳಿಕೊಂಡು ಬಂದ ರೇಸಿನ ಕಾರನ್ನು ಆಕೆ ಸುತ್ತು ಹಾಕಿ ನೋಡಿ, ಇದೇನು ಬಿತ್ತೋ ಕೂರಿಗೆಯಾ, ಔಷಧ ಹೊಡಿಯೋ ಮಿಷನ್ನಾ ಎಂದು ಕೇಳಿದಳು. ಓಡಿಸುವವಳು ಹೆಣ್ಣುಮಗಳು ಎಂದು ಗೊತ್ತಾದ ಮೇಲೆ ಉಷಾರಾಣಿಯ ರೇಸಿನ ಅಂಗಿಯ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಪರೀಕ್ಷಿಸಿ, ಬಿಸಿಲಿಗೆ ಇಷ್ಟು ದಪ್ಪದ್ದು ಯಾಕವ್ವ ಎಂದು ಮರುಗಿದಳು.

ಅಷ್ಟರಲ್ಲಿ ರಘುನಾಥ್ ಜೀಪಿನಲ್ಲಿ ಬಂದರು. ನೋಡಿದರು. ಬೈಗುಳವೆಲ್ಲ ತಿಪ್ಪೇಶಪ್ಪನ ಪಾಲಿಗೆ ಹೋಯಿತು. ಒಂಬತ್ತಕ್ಕೆ ಯಾರು ಮುಂದೆ ಯಾರು ಹಿಂದೆ ನಿಲ್ಲಬೇಕೆಂದು ತೀರ್ಮಾನಿಸುವ ಅರ್ಹತೆಯ ಸುತ್ತು, ಹನ್ನೊಂದಕ್ಕೆ ಓಟ, ಹನ್ನೆರಡೂವರೆಗೆ ಆಂಬುಲೆನ್ಸಿನವರು ಹೊರಡುತ್ತಾರೆ, ಅವರಿಲ್ಲದೆ ಓಟ ನಡೆಸುವ ಹಾಗಿಲ್ಲ. ಕಾಳನ್ನು ರಾಶಿ ಮಾಡಿ ಚೀಲಕ್ಕೆ ತುಂಬಲು ಎಷ್ಟು ಹೊತ್ತು ಬೇಕು ಎಂದು ಅವರು ಕೇಳಿದರೆ, ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು ನಾಲ್ಕು ತಾಸು ಎಂದರು. ರಘುನಾಥ್ ಹದಿನೈದು ನಿಮಿಷ ಕೊಟ್ಟರು. ಅಷ್ಟರಲ್ಲಿ ಆಗದಿದ್ದರೆ ಟ್ರ್ಯಾಕಿನವರದೇ ಟ್ರ್ಯಾಕ್ಟರಿಗೆ ಬ್ಲೇಡು ಕಟ್ಟಿಸಿ ಕಾಳನ್ನು ಪಕ್ಕದ ಚರಂಡಿಗೆ ನೂಕಿಸುವುದು, ಆಮೇಲೆ ಟ್ಯಾಂಕರಿನಿಂದ ನೀರು ಬಿಟ್ಟು ತೊಳೆಸುವುದು. ಚರಂಡಿಯಲ್ಲಿ ಮೊಣಕಾಲುದ್ದ ಕೆಸರಿತ್ತು.

ಉಚ್ಚಂಗೆಮ್ಮ ಕಾಳಿನ ನಡುವೆ ಕೂತೇಬಿಟ್ಟಳು. "ಇಲ್ಲಿ ನಮ್ಮೂರ ಕಣ ಇತ್ತು, ಸ್ವಾಮಿ. ನಾನು ಸೊಸೆಯಾಗಿ ಬಂದಾಗ್ಲಿಂದ ಇದೇ ಜಾಗ್ದಾಗೆ ರಾಶಿ ಮಾಡೀವಿ. ನೀವು ಮೇಲೆ ಟಾರು ಹಾಕಿದ್ರಿ, ಹಾಕ್ಕೊಳ್ರಿ. ಬಿಸಿಲೇನು ನೀವು ಹಾಕಿದ್ದಲ್ಲವಲ್ಲ."

ಹದಿನೈದು ನಿಮಿಷ ಮುಗಿದದ್ದೇ ರಘುನಾಥ್ ಟ್ರ್ಯಾಕ್ಟರಿನವನಿಗೆ ಕೈ ಮಾಡಿದರು.

ಉಷಾರಾಣಿ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಕಾಳು ಹೋಗದಿದ್ದರೆ ಓಟವಿಲ್ಲ, ಓಟವಿಲ್ಲದಿದ್ದರೆ ಸಹಿಯಿಲ್ಲ. ಬ್ಲೇಡು ಹೋದರೆ ಅರ್ಧ ಗಂಟೆಯಲ್ಲಿ ಎಲ್ಲ ಸಾಫು. ಆಕೆ ಸುಮ್ಮನೆ ನಿಂತರೆ ಸಾಕು, ತಾನಾಗಿಯೇ ಎಲ್ಲ ಆಕೆಯ ಪರವಾಗಿ ಆಗುತ್ತಿತ್ತು. ಹಾಗೆ ಸುಮ್ಮನೆ ನಿಲ್ಲಲು ಆಕೆ ನಿಜವಾಗಿಯೂ ಪ್ರಯತ್ನಿಸಿದಳು. ಟ್ರ್ಯಾಕ್ಟರು ಬ್ಲೇಡು ಇಳಿಸಿಕೊಂಡು ಕಾಳಿನ ಅಂಚಿಗೆ ಬಂತು. ಒಬ್ಬ ಹೆಂಗಸು ಮುಂದೆ ಓಡಿ ಎರಡು ಕೈಯಲ್ಲಿ ಕಾಳು ಬಾಚಿ ಮಡಿಲಿಗೆ ತುಂಬಿಕೊಳ್ಳತೊಡಗಿದಳು, ಮಡಿಲಿನಲ್ಲಿ ಎಷ್ಟು ಹಿಡಿದೀತು.

ಉಷಾರಾಣಿ ತಿರುಗಿ ತನ್ನ ಡ್ರೈವಿಂಗ್ ಸ್ಕೂಲಿನ ಕಾರಿನ ಕಡೆ ನಡೆದಳು. ಊರಿಂದ ಬಂದದ್ದು ಅದರಲ್ಲೇ. ನೆತ್ತಿಯ ಮೇಲೆ ಎಲ್ ಬೋರ್ಡು, ಬಾಗಿಲ ಮೇಲೆ ಹೊನ್ನಾಳಿಯ ಫೋನ್ ನಂಬರು. ಬೇಲಿಯ ಸಂದಿನಿಂದ ಒಳಗೆ ತಂದು, ಟ್ರ್ಯಾಕ್ಟರಿಗೂ ಕಾಳಿಗೂ ನಡುವೆ ಅಡ್ಡ ನಿಲ್ಲಿಸಿ, ಇಂಜಿನ್ ಆರಿಸಿ, ಕೀ ತೆಗೆದುಕೊಂಡು ಇಳಿದಳು.

ಟ್ರ್ಯಾಕ್ಟರಿನವನು ಬ್ಲೇಡು ಮೇಲಕ್ಕೆತ್ತಿದ.

"ಮೇಡಂ, ಕಾರು ತೆಗೀರಿ," ಎಂದರು ರಘುನಾಥ್. "ಇಲ್ಲಾಂದ್ರೆ ಇವತ್ತಿನ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕ್ತೀನಿ."

"ಹೊಡ್ಕೊಳ್ರಿ ಸಾರ್. ಪೆನ್ನು ನಿಮ್ಮ ಕೈಯಾಗೈತೆ, ಕೀ ನನ್ನ ಕೈಯಾಗೈತೆ."

ಕೆಂಚೇಶ ಹಣೆ ಹಣೆ ಚಚ್ಚಿಕೊಂಡ. ಆರು ತಿಂಗಳು ಮುರಿದದ್ದು ಕೂಡಿಸಿದವನು ಅವನು. ಆದರೆ ಬಂದು ಆಕೆಯ ಪಕ್ಕದಲ್ಲೇ ನಿಂತ.

ಉಷಾರಾಣಿಯ ಒಂದು ಅಭ್ಯಾಸವೆಂದರೆ ಕೈಗೆ ಬಂದ ನಿಯಮದ ಪುಸ್ತಕವನ್ನು ಪೂರ್ತಿ ಓದುವುದು. ಆರ್‌ಟಿಓ ಪರೀಕ್ಷೆಗೆ ಜನರನ್ನು ತಯಾರು ಮಾಡಿ ಮಾಡಿ ಬಂದ ಚಟ ಅದು. ರೇಸಿನ ನಿಯಮಗಳನ್ನೂ ಆಕೆ ಮೂರು ಸಲ ಓದಿದ್ದಳು. ಸ್ಪರ್ಧಿಯ ಹೆಸರು ತೆಗೆಯುವ ಮುನ್ನ ಕೂರಿಸಿ ವಿಚಾರಣೆ ಮಾಡಬೇಕು, ವಿಚಾರಣೆ ಓಟಕ್ಕೆ ಮೊದಲು ಮುಗಿಯದಿದ್ದರೆ ಸ್ಪರ್ಧಿ ಓಡಬಹುದು, ತೀರ್ಮಾನ ಓಟದ ಮೇಲೆ. ಹದಿನೇಳನೇ ಪುಟ. ಆಕೆ ಪುಟದ ಸಂಖ್ಯೆಯನ್ನೂ ಹೇಳಿದಳು. ಈಗಲೇ ವಿಚಾರಣೆ ಬೇಕೆಂದರೆ ತಾನು ತಯಾರು, ಆದರೆ ಮಾತು ಉದ್ದವಾಗುತ್ತದೆ, ಅಷ್ಟು ಹೊತ್ತೂ ಕಾರು ಇಲ್ಲೇ ಇರುತ್ತದೆ, ಅದರ ಬದಲು ಅದೇ ಹೊತ್ತಿನಲ್ಲಿ ಎಲ್ಲರೂ ಕೈ ಹಾಕಿದರೆ ಕಾಳು ಚೀಲ ಸೇರುತ್ತದೆ ಎಂದೂ ಹೇಳಿದಳು.

ಮೊದಲು ನಕ್ಕವರು ಹಲ್ಲಿನ ಡಾಕ್ಟರು. ಅವರು ಕೈಗವಸು ಕಳಚಿ ಕಾರಿನ ಮೇಲಿಟ್ಟು, ಎಲ್ಲಿಂದ ಶುರು ಮಾಡಬೇಕು ಎಂದು ಉಚ್ಚಂಗೆಮ್ಮನನ್ನೇ ಕೇಳಿದರು. ಅವರ ಹಿಂದೆ ಉಳಿದವರೂ ಬಂದರು. ಎಲ್ಲರಿಗೂ ಓಟ ಬೇಕಿತ್ತಲ್ಲ. ಸುತ್ತಿನ ಲೆಕ್ಕ ತೋರಿಸುವ ಬೋರ್ಡನ್ನು ಕೆಂಚೇಶ ಅಡ್ಡ ಹಿಡಿದು ಕಾಳು ನೂಕಿದ. ಯಾರೋ ಮುಂಬಾಗಿಲಿನ ಜಾಹೀರಾತಿನ ಬ್ಯಾನರು ಬಿಚ್ಚಿ ತಂದು ತಾಡಪಾಲಿನ ಹಾಗೆ ಹಾಸಿದರು. ಬಣ್ಣಬಣ್ಣದ ರೇಸಿನ ಅಂಗಿಯ ಗಂಡಸರು ಚೀಲದ ಬಾಯಿ ಸರಿಯಾಗಿ ಹಿಡಿಯಲು ಬಾರದೆ ಹೆಂಗಸರಿಂದ ಬೈಸಿಕೊಂಡರು. ತಿಪ್ಪೇಶಪ್ಪ ಪಾಪ ತೊಳೆದುಕೊಳ್ಳುವವನ ಹಾಗೆ ಒಂದೇ ಸಲ ಎರಡೆರಡು ಚೀಲ ಹೊತ್ತ. ರಘುನಾಥ್ ಜೀಪಿನ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು, ಗಡಿಯಾರ ನೋಡುತ್ತ.

ಒಂಬತ್ತಕ್ಕೆ ಕಾಳಿನ ಮುಕ್ಕಾಲು ಭಾಗ ಎದ್ದಿತ್ತು. ಅರ್ಹತೆಯ ಸುತ್ತನ್ನು ಒಂಬತ್ತೂವರೆಗೆ ಹಾಕಿ, ಹತ್ತು ನಿಮಿಷಕ್ಕೆ ಇಳಿಸಿ ರಘುನಾಥ್ ಘೋಷಿಸಿದರು. ಉಳಿದ ಚಾಲಕರು ಕೈ ತೊಳೆದುಕೊಂಡು ತಮ್ಮ ಕಾರುಗಳ ಕಡೆ ಹೋದರು. ಹೋಗುವುದು ನ್ಯಾಯವೇ. ಉಷಾರಾಣಿ ಹೋಗಲಿಲ್ಲ. ತಾನು ಹೊರಟ ಕೂಡಲೇ ಮತ್ತೆ ಬ್ಲೇಡು ಬರುತ್ತದೆ ಎಂಬ ಅನುಮಾನ ಆಕೆಗೆ. ಹೆಂಗಸರ ಜೊತೆ ಕೂತು ತಿರುವಿನ ಒಳಬದಿಯನ್ನು ಪೊರಕೆಯಲ್ಲಿ ಗುಡಿಸಿದಳು, ಡಾಂಬರಿನ ಸಂದಿಯಲ್ಲಿ ಸಿಕ್ಕಿದ ಕಾಳನ್ನು ಬೆರಳಿನಲ್ಲಿ ಕಿತ್ತಳು. ಹೊರಬದಿಯನ್ನು ಅಷ್ಟು ಚೊಕ್ಕಟ ಮಾಡಲು ಹೊತ್ತಿರಲಿಲ್ಲ, ಅಲ್ಲಿ ಹಲಗೆಯಲ್ಲಿ ಎಳೆದದ್ದೇ ಸರಿ. ಕೊನೆಯ ಚೀಲ ಬೇಲಿ ದಾಟಿದಾಗ ಆಕೆ ತನ್ನ ಕಾರನ್ನು ತೆಗೆದಳು. ಆ ಹೊತ್ತಿಗೆ ಒಂಬತ್ತು ಇಪ್ಪತ್ತೆಂಟು. ರೇಸಿನ ಕಾರಿಗೆ ಹತ್ತಿ, ಪಟ್ಟಿ ಬಿಗಿದು, ತಪಾಸಣೆ ಮುಗಿಸಿಕೊಂಡು ಹೊರಡುವಷ್ಟರಲ್ಲಿ ಅರ್ಹತೆಯ ಸುತ್ತು ಮುಗಿದೇಹೋಗಿತ್ತು.

ಅರ್ಹತೆಯ ಸುತ್ತು ಓಡದವರು ಎಲ್ಲರ ಹಿಂದೆ, ಅದೂ ಕಾರು ರಿಪೇರಿಗೆ ನಿಲ್ಲಿಸುವ ಪಿಟ್ಟಿನ ಗಲ್ಲಿಯಿಂದ ಹೊರಡಬೇಕು. ಹದಿಮೂರು ಕಾರು ಮೊದಲ ತಿರುವು ದಾಟಿದ ಮೇಲೆ ಆಕೆಗೆ ಹಸಿರು ದೀಪ. ರಘುನಾಥ್ ಇದನ್ನು ಹೇಳಲು ತಾವೇ ಬಂದರು. ವಿಚಾರಣೆ ಓಟದ ಮೇಲೆ ಎಂದು ಒಂದು ಕಾಗದಕ್ಕೆ ಆಕೆಯ ರುಜು ಹಾಕಿಸಿಕೊಂಡು ಹೋದರು.

"ಹನ್ನೆರಡು ಸುತ್ತು, ಮೇಡಮ್ಮೋರೆ," ಎಂದ ಕೆಂಚೇಶ ಪಟ್ಟಿ ಬಿಗಿಯುತ್ತ. "ಎಷ್ಟನೆಯವರಾಗಿ ಬಂದ್ರೂ ಸರಿ, ನಾಕು ಚಕ್ರದ ಮ್ಯಾಲೆ ಬರ್ರಿ."

ಓಟ ಶುರುವಾಯಿತು. ಮುಂದಿನವರ ಸದ್ದು ದೂರವಾಗುವವರೆಗೆ ಕಾದು, ದೀಪ ಕಂಡದ್ದೇ ಉಷಾರಾಣಿ ಹೊರಟಳು. ಮೊದಲನೇ ತಿರುವು. ಎರಡನೆಯದು. ಮುಂದೆ ದೂರದಲ್ಲಿ ಕಾರುಗಳ ಗುಂಪು ಮೂರನೇ ತಿರುವಿಗೆ ಹೋಗುತ್ತಿದ್ದದ್ದು ಕಂಡಿತು. ಎಲ್ಲರೂ ಕಲಿತ ಹಾಗೇ ಹೋದರು. ಹೊರಬದಿಯಿಂದ ಅಗಲಕ್ಕೆ ಬಂದು, ಒಳಬದಿಯನ್ನು ಮುಟ್ಟಿ, ಮತ್ತೆ ಹೊರಬದಿಗೆ. ವೇಗದ ದಾರಿ ಅದೇ, ಪುಸ್ತಕದಲ್ಲೂ ಅದೇ ಇದೆ. ಆದರೆ ಆ ಹೊರಬದಿಯಲ್ಲಿ ಹಲಗೆಗೆ ಸಿಕ್ಕದೆ ಉಳಿದ ಕಾಳು, ಕಾಳಿನ ಹೊಟ್ಟು, ಮಣ್ಣು. ಬ್ರೇಕ್ ಬಿದ್ದ ಕೂಡಲೇ ಮುಂದಿದ್ದ ಕೆಂಪು ಕಾರು ಗುಂಡು ಕಲ್ಲುಗಳ ಮೇಲೆ ಕಾಲಿಟ್ಟ ಹಾಗೆ ಜಾರಿತು. ಅದರ ಹಿಂದಿನದೂ ಜಾರಿತು. ಅರಿಶಿನದ ಬಣ್ಣದ ಧೂಳು ಎದ್ದಿತು.

ಉಷಾರಾಣಿಯ ಬಲಗಾಲು ಮೇಲಕ್ಕೆದ್ದಿತ್ತು. ಅವರ ಪಾಲಿನ ಬ್ರೇಕು ಹಾಕಲು. ಆಕೆ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ, ನಿನ್ನ ಬ್ರೇಕು ನೀನು ಹಾಕ್ಕೊಳಪ್ಪ ಎಂದು ಹೇಳಿ ಕಾಲನ್ನು ಇದ್ದಲ್ಲೇ ಹಿಡಿದಳು. ಹೊರಬದಿಗೆ ಹೋಗದೆ, ಬೆಳಿಗ್ಗೆ ತಾನು ಕುಕ್ಕರಗಾಲಿನಲ್ಲಿ ಕೂತು ಗುಡಿಸಿದ ಒಳಬದಿಯ ನಾಲ್ಕು ಮೊಳ ಅಗಲದ ದಾರಿಯಲ್ಲಿ ಕಾರನ್ನು ಇಳಿಸಿದಳು. ಆ ದಾರಿಯಲ್ಲಿ ಹೋದರೆ ವೇಗ ತಗ್ಗಿಸಬೇಕು, ಸ್ಟೀರಿಂಗ್ ಹೆಚ್ಚು ತಿರುಗಿಸಬೇಕು. ಆದರೆ ಟೈರು ಡಾಂಬರನ್ನು ಕಚ್ಚಿಕೊಂಡಿತು. ಎಡಗಡೆ ಇಬ್ಬರು ಹುಲ್ಲಿನ ಮೇಲೆ ನಿಂತಿದ್ದರು, ಮೂರನೆಯವನು ತಡವರಿಸುತ್ತಿದ್ದ. ಮೂವರನ್ನೂ ದಾಟಿದಳು.

ಬೇಲಿಯಾಚೆ ಚೀಲಗಳ ಮೇಲೆ ಕೂತಿದ್ದ ಹೆಂಗಸರ ಬಣ್ಣದ ಸೀರೆಗಳು ಸರ್ರನೆ ಹಿಂದಕ್ಕೆ ಹೋದವು. ಅವರು ಕೂಗಿದರೋ ಇಲ್ಲವೋ, ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಪ್ರತಿ ಸುತ್ತಿನಲ್ಲೂ ಅದೇ. ಉಳಿದ ನಾಲ್ಕು ತಿರುವುಗಳಲ್ಲಿ ಆಕೆ ಸಾಧಾರಣ, ಕೆಲವೊಮ್ಮೆ ಸಾಧಾರಣಕ್ಕಿಂತಲೂ ಕೆಳಗೆ. ನೇರದಲ್ಲಿ ಅವಳನ್ನು ಇಬ್ಬರು ಹಿಂದಿಕ್ಕಿದರು, ಮೂರನೆಯದರಲ್ಲಿ ಅವರನ್ನು ಆಕೆ ಮತ್ತೆ ಹಿಂದಿಕ್ಕಿದಳು. ಏಳನೇ ಸುತ್ತಿನ ಹೊತ್ತಿಗೆ ಜಾಣರು ಕೆಲವರು ಆಕೆಯ ದಾರಿಯನ್ನೇ ಹಿಡಿದರು, ಆಮೇಲೆ ಅಷ್ಟು ಸುಲಭವಾಗಲಿಲ್ಲ. ತೋಳು ಸೋತಿತು, ಬೆವರು ಕಣ್ಣಿಗಿಳಿಯಿತು. ಹತ್ತನೇ ಸುತ್ತಿನಲ್ಲಿ ಡಾಕ್ಟರ ಹಳದಿ ಕಾರು ಮುಂದೆ ಸಿಕ್ಕಿತು, ಹಿಂಭಾಗ ನಿನ್ನೆಯ ಹಾಗೇ ಅಲ್ಲಾಡುತ್ತಿತ್ತು. ಅಲ್ಲಾಡಲಿ ಎಂದು ಬಿಟ್ಟಳು. ಅವರನ್ನು ದಾಟಲಾಗಲಿಲ್ಲ. ಅವರ ಹಿಂದೆಯೇ, ಒಂದು ಕಾರಿನ ಅಂತರದಲ್ಲಿ, ಓಟ ಮುಗಿಯಿತೆಂದು ಬೀಸುವ ಚೌಕಳಿ ಬಾವುಟದ ಕೆಳಗೆ ಹಾದು ಹೋದಳು.

ಆರನೇ ಸ್ಥಾನ. ಕೆಂಚೇಶ ಬೋರ್ಡಿನ ಮೇಲೆ ಆರು ಎಂದು ಬರೆದು ತೋರಿಸುತ್ತಿದ್ದ. ಅದನ್ನು ತಲೆಕೆಳಗಾಗಿ ಹಿಡಿದಿದ್ದ.

ವಿಚಾರಣೆ ನಡೆದದ್ದು ಕಂಟೇನರಿನೊಳಗಿನ ಆಫೀಸಿನಲ್ಲಿ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ರಘುನಾಥ್ ಮೇಜಿನ ಮೇಲೆ ನೀಲಿ ಪುಸ್ತಕ ತೆರೆದು, ಶನಿವಾರದ ಸಾಲಿನಲ್ಲಿ ಹದಿನಾಲ್ಕು ಎಂದೂ ಭಾನುವಾರದ ಸಾಲಿನಲ್ಲಿ ಆರು ಎಂದೂ ತಾವೇ ತುಂಬಿದರು. ಇವತ್ತಿನ ಓಟ ಚೆನ್ನಾಗಿತ್ತು ಎಂದು ಒಪ್ಪಿಕೊಂಡರು. ಹೆಸರು ಹೊಡೆಯುವ ಮಾತು ಬಿಟ್ಟರು. ಸಹಿ ಹಾಕಲು ಪೆನ್ನಿನ ಮುಚ್ಚಳವನ್ನೂ ತೆಗೆದರು.

ಆಮೇಲೆ ಒಂದು ಕಾಗದ ಮುಂದಿಟ್ಟರು. ಟ್ರ್ಯಾಕಿಗೆ ಅಡ್ಡಲಾಗಿ ಕಾರು ನಿಲ್ಲಿಸಿದ್ದು ನನ್ನ ತಪ್ಪು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ. ಎರಡು ಸಾಲು, ಟೈಪು ಮಾಡಿದ್ದು. ಕೆಳಗೆ ರುಜುವಿಗೆ ಜಾಗ.

"ಮೇಲಿನವರಿಗೆ ಕಳಿಸೋಕೆ ಏನಾದ್ರೂ ಕಾಗದ ಬೇಕಲ್ಲ ಮೇಡಂ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಇಲ್ಲಿ ರುಜು ಮಾಡಿ, ನಾನು ಅಲ್ಲಿ ಮಾಡ್ತೀನಿ. ಯಾರೂ ಇದನ್ನ ಓದೋದೂ ಇಲ್ಲ."

ಅದು ನಿಜ. ಯಾರೂ ಓದುವುದಿಲ್ಲ. ಉಚ್ಚಂಗೆಮ್ಮನಿಗೆ ಗೊತ್ತಾಗುವುದಿಲ್ಲ, ಕೆಂಚೇಶನಿಗೂ ಹೇಳಬೇಕಾಗಿಲ್ಲ. ಚಹಾದಂಗಡಿಯವರಿಗೆ ನೀಲಿ ಪುಸ್ತಕ ಮಾತ್ರ ಕಾಣುತ್ತದೆ. ಉಷಾರಾಣಿ ಆ ಪುಸ್ತಕವನ್ನು ನೋಡಿದಳು. ಎರಡು ಸಾಲು ತುಂಬಿದೆ, ಕೆಳಗಿನ ಗೆರೆ ಖಾಲಿ. ಆ ಖಾಲಿ ಗೆರೆಯ ಮೇಲೆ ಆಕೆಗೆ ಎಷ್ಟು ಆಸೆಯಾಯಿತೆಂದರೆ ಕೈ ತಾನಾಗಿಯೇ ಪೆನ್ನು ತೆಗೆದುಕೊಂಡಿತು.

ಕಾಗದವನ್ನು ತ‌ನ್ನ ಕಡೆ ತಿರುಗಿಸಿಕೊಂಡಳು. ತಪ್ಪು ಎಂಬ ಪದದ ಮೇಲೆ ಒಂದು ಗೆರೆ ಎಳೆದಳು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂಬುದರ ಮೇಲೆ ಇನ್ನೊಂದು. ಉಳಿದದ್ದು ಟ್ರ್ಯಾಕಿಗೆ ಅಡ್ಡಲಾಗಿ ಕಾರು ನಿಲ್ಲಿಸಿದ್ದು ನನ್ನ ಎಂಬಷ್ಟು. ನನ್ನ ಎಂಬುದನ್ನು ನಾನು ಎಂದು ತಿದ್ದಿ, ಕೆಳಗೆ ಪೂರ್ತಿ ಹೆಸರು ಬರೆದು, ಊರು ಹೊನ್ನಾಳಿ ಎಂದೂ ಸೇರಿಸಿ ಅವರ ಕಡೆ ನೂಕಿದಳು.

ರಘುನಾಥ್ ಓದಿದರು. "ಹೀಗಿದ್ರೆ ಪುಸ್ತಕಕ್ಕೆ ನಾನು ಸಹಿ ಹಾಕೋಕಾಗಲ್ಲ."

"ಬ್ಯಾಡ ಸಾರ್. ಪುಸ್ತಕ ನಿಮ್ಮತ್ರಾನೇ ಇರ್ಲಿ," ಎಂದಳು ಉಷಾರಾಣಿ. "ಮುಂದಿನ ರೇಸಿನ ಫಾರಂ ಒಂದು ಕೊಡ್ರಿ."

ಅವರು ಹೊಸಬರ ಗುಂಪಿನಲ್ಲೇ ಮತ್ತೆ ಮೊದಲಿನಿಂದ ಓಡಬೇಕಾಗುತ್ತದೆ ಎಂದು ನೆನಪಿಸಿದರು. ಗೊತ್ತಿದೆ ಎಂದಳು. ಮುಂದಿನ ರೇಸಿಗೂ ಅಧಿಕಾರಿ ತಾವೇ ಎಂದರು. ಅದೂ ಗೊತ್ತಿದೆ ಎಂದಳು. ಆಮೇಲೆ ಅವರು ಕಪಾಟು ತೆಗೆದು ಫಾರಂ ಕೊಟ್ಟರು.

ಉಷಾರಾಣಿ ಅಲ್ಲೇ ನಿಂತು, ಮೇಜಿನ ತುದಿಯಲ್ಲಿ ಇಟ್ಟುಕೊಂಡು ತುಂಬಿದಳು. ಹೆಸರು, ವಯಸ್ಸು, ರಕ್ತದ ಗುಂಪು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಹಿಂದಿನ ಅನುಭವ ಎಂಬ ಕಾಲಂ ಬಂತು. ಅಲ್ಲಿ ದಪ್ಪ ಅಕ್ಷರದಲ್ಲಿ, ಕಾಗದದ ಹಿಂಬದಿಗೂ ಒತ್ತು ಬೀಳುವ ಹಾಗೆ ಬರೆದಳು: ಎರಡು ರೇಸ್. ಎರಡೂ ಮುಗಿಸಿದ್ದೇನೆ.